ಇಂಗ್ಲೆಂಡಿಗೆ ಸ್ವಂತ ಸಂಸತ್ತು ಬೇಕೇ?

ಪ್ರಶ್ನೆ: ನಾನು ಹಾಸನದ ಕಡೆಯವನು. ಇಂಗ್ಲೆಂಡಿನ ಈಶಾನ್ಯ ಭಾಗದ ನ್ಯೂಕ್ಯಾಸಲ್‌ನಲ್ಲಿ ಸಂಸಾರ ಸಮೇತ ನೆಲೆಸಿದ್ದೇನೆ. ವೈದ್ಯರ ಚೀಟಿ ಹಿಡಿದು ಔಷಧದಂಗಡಿಗೆ ಹೋದರೆ ಒಂದೊಂದು ಔಷಧಕ್ಕೂ 9.90 ಪೌಂಡ್ ತೆರಬೇಕು. ಉತ್ತರಕ್ಕೆ ಹೋಗಿ ಗಡಿ ದಾಟಿದರೆ ಸ್ಕಾಟ್ಲೆಂಡಿನವರಿಗೆ ಅದು ಉಚಿತ. ಮಗಳ ಪದವಿ ಶುಲ್ಕ 2025-26ರಲ್ಲಿ 9,535 ಪೌಂಡ್ ಇತ್ತು. ಅಲ್ಲಿನ ಮಕ್ಕಳಿಗೆ ಅವರ ವಿಶ್ವವಿದ್ಯಾಲಯಗಳಲ್ಲಿ ಆ ಹೊರೆಯೂ ಇಲ್ಲ. "ಸ್ಕಾಟ್ಲೆಂಡ್, ವೇಲ್ಸ್, ಉತ್ತರ ಐರ್ಲೆಂಡ್ ಎಲ್ಲರಿಗೂ ಅವರವರ ಶಾಸನಸಭೆ ಇದೆ, ನಮಗೆ ಮಾತ್ರ ಇಲ್ಲ" ಎಂದು ಕಚೇರಿಯ ಇಂಗ್ಲಿಷ್ ಗೆಳೆಯರು ಗೊಣಗುತ್ತಾರೆ. ಈ ಬೇಡಿಕೆ ನ್ಯಾಯವೇ? ನನ್ನದು ಭಾರತದ ಪಾಸ್‌ಪೋರ್ಟ್ ಆದರೂ ನನಗೆ ಇಲ್ಲಿ ಮತವಿದೆ. ಹಾಗಾಗಿ ಹರಟೆಗಾಗಿ ಕೇಳುತ್ತಿಲ್ಲ.

ಉತ್ತರ: ಗೊಣಗಾಟದಲ್ಲಿ ಹುರುಳಿದೆ. ಆದರೆ ಅದರ ಬೆನ್ನಿಗೆ ಬರುವ ಬೇಡಿಕೆಯನ್ನು ನಾನು ಒಪ್ಪುವುದಿಲ್ಲ. ಕಾರಣ ಹೇಳುವುದಕ್ಕೆ ಸ್ವಲ್ಪ ಹಿಂದೆ ಹೋಗಬೇಕು.

ಇಂಗ್ಲೆಂಡಿಗೆ ಹಿಂದೆ ಸ್ವಂತ ಸಂಸತ್ತು ಇತ್ತು. 1707ರಲ್ಲಿ ಸ್ಕಾಟ್ಲೆಂಡಿನ ಜೊತೆ ಕೂಡಿಕೊಂಡಾಗ ಎರಡೂ ದೇಶಗಳ ಸಂಸತ್ತುಗಳು ಮುಗಿದು ಬ್ರಿಟನ್ನಿನ ಸಂಸತ್ತು ಹುಟ್ಟಿತು. ಕಾಗದದ ಮೇಲೆ ಹಾಗೆ. ವಾಸ್ತವದಲ್ಲಿ ಇಂಗ್ಲಿಷ್ ಸಂಸತ್ತು ಇದ್ದ ಜಾಗದಲ್ಲೇ, ಅದೇ ರೀತಿ ರಿವಾಜುಗಳೊಡನೆ ಮುಂದುವರಿಯಿತು. ಸ್ಕಾಟ್ಲೆಂಡಿನವರು ಬಂದು ಅಲ್ಲಿ ಕುಳಿತರು. ಇಂಗ್ಲಿಷರಿಗೆ ತಮ್ಮದೊಂದು ಸಂಸತ್ತು ಕಳೆದುಹೋಯಿತು ಎಂದು ಮುನ್ನೂರು ವರ್ಷ ಅನ್ನಿಸಲೇ ಇಲ್ಲ. 1997ರ ಸೆಪ್ಟೆಂಬರಿನ ಜನಮತಗಣನೆಯಲ್ಲಿ ಸ್ಕಾಟ್ಲೆಂಡಿನವರು ಶೇ. 74ರಷ್ಟು ಮತಗಳಿಂದ ತಮ್ಮ ಸಂಸತ್ತನ್ನು ಕೇಳಿಕೊಂಡರು. ವೇಲ್ಸಿನಲ್ಲಿ ಪ್ರಸ್ತಾಪ ಪಾಸಾದದ್ದು ಕೂದಲೆಳೆಯಲ್ಲಿ, ಶೇ. 50.3ರಲ್ಲಿ. ಮರುವರ್ಷ ಉತ್ತರ ಐರ್ಲೆಂಡಿನ ಶಾಂತಿ ಒಪ್ಪಂದದ ಭಾಗವಾಗಿ ಅಲ್ಲಿಗೂ ಶಾಸನಸಭೆ ಬಂತು. ಆರೋಗ್ಯ, ಶಿಕ್ಷಣ, ಸ್ಥಳೀಯಾಡಳಿತದಂಥ ವಿಷಯಗಳು ಆ ಮೂರು ಕಡೆಗೆ ಹೋದವು. ಇಂಗ್ಲೆಂಡಿನ ಅದೇ ವಿಷಯಗಳು ವೆಸ್ಟ್‌ಮಿನ್‌ಸ್ಟರಿನಲ್ಲೇ, ನಾಲ್ಕೂ ನಾಡುಗಳ ಸಂಸದರು ಒಟ್ಟಿಗೆ ಕೂರುವ ಮನೆಯಲ್ಲೇ ಉಳಿದವು.

ಇದರಲ್ಲಿರುವ ಎಡವಟ್ಟನ್ನು ಇಪ್ಪತ್ತು ವರ್ಷ ಮೊದಲೇ ಒಬ್ಬರು ಕಂಡಿದ್ದರು. ಟ್ಯಾಮ್ ಡೀಯೆಲ್ ಲೇಬರ್ ಪಕ್ಷದ ಸಂಸದ, ಸ್ಕಾಟ್ಲೆಂಡಿನ ವೆಸ್ಟ್ ಲೋಥಿಯನ್ ಕ್ಷೇತ್ರದವರು. 1977ರಲ್ಲಿ ತಮ್ಮ ಪಕ್ಷದ ಸರ್ಕಾರವೇ ಸ್ಕಾಟ್ಲೆಂಡಿಗೆ ಶಾಸನಸಭೆ ಕೊಡುವ ಮಸೂದೆ ತಂದಾಗ ಅವರು ಅದನ್ನು ಪಟ್ಟು ಹಿಡಿದು ವಿರೋಧಿಸಿದರು. ಬ್ಲ್ಯಾಕ್‌ಬರ್ನ್ ಎಂಬ ಹೆಸರಿನ ಊರು ಎರಡಿವೆ: ಒಂದು ಇಂಗ್ಲೆಂಡಿನ ಲ್ಯಾಂಕಾಶೈರಿನಲ್ಲಿ, ಇನ್ನೊಂದು ಡೀಯೆಲ್ ಅವರ ಕ್ಷೇತ್ರದಲ್ಲೇ. ಅಧಿಕಾರ ಹಂಚಿದ ಮೇಲೆ ಲ್ಯಾಂಕಾಶೈರಿನ ಬ್ಲ್ಯಾಕ್‌ಬರ್ನಿನ ಶಾಲೆ, ಆಸ್ಪತ್ರೆಗಳ ಬಗ್ಗೆ ಮತ ಹಾಕುವ ಅಧಿಕಾರ ನನಗಿರುತ್ತದೆ, ನನ್ನನ್ನು ಆರಿಸಿ ಕಳಿಸಿದ ಬ್ಲ್ಯಾಕ್‌ಬರ್ನಿನ ಶಾಲೆ, ಆಸ್ಪತ್ರೆಗಳ ಬಗ್ಗೆ ಇರುವುದಿಲ್ಲ, ಇದೆಂಥ ವ್ಯವಸ್ಥೆ ಎಂಬುದು ಅವರ ವಾದ. ಸದನದಲ್ಲಿ ಇದನ್ನು ಮತ್ತೆ ಮತ್ತೆ ಎತ್ತಿದ್ದರಿಂದ ಇನ್ನೊಬ್ಬ ಸಂಸದ ಈನಾಕ್ ಪೊವೆಲ್ ಇದಕ್ಕೆ 'ವೆಸ್ಟ್ ಲೋಥಿಯನ್ ಪ್ರಶ್ನೆ' ಎಂದು ಹೆಸರಿಟ್ಟರು. ಇದನ್ನು ಮರೆತುಬಿಡುವುದೇ ಒಳ್ಳೆಯ ಉತ್ತರ ಎಂದುಕೊಂಡು ನೆಮ್ಮದಿಯಾಗಿದ್ದ ಮಂತ್ರಿಗಳು ಎರಡೂ ದೊಡ್ಡ ಪಕ್ಷಗಳಲ್ಲಿ ಆಗಿಹೋಗಿದ್ದಾರೆ.

ನಿಮ್ಮ ಮನೆಗೆ ತಟ್ಟುವ ಉದಾಹರಣೆಯನ್ನೇ ತೆಗೆದುಕೊಳ್ಳೋಣ. 2004ರ ಜನವರಿ 27ರಂದು ಟೋನಿ ಬ್ಲೇರ್ ಸರ್ಕಾರ ಇಂಗ್ಲೆಂಡಿನ ವಿಶ್ವವಿದ್ಯಾಲಯಗಳ ಶುಲ್ಕವನ್ನು ವರ್ಷಕ್ಕೆ 3,000 ಪೌಂಡ್‌ವರೆಗೆ ಏರಿಸಲು ಅವಕಾಶ ಕೊಡುವ ಮಸೂದೆಯನ್ನು ಮತಕ್ಕೆ ಹಾಕಿತು. ಲೇಬರ್ ಪಕ್ಷದಲ್ಲೇ ದೊಡ್ಡ ಬಂಡಾಯವೆದ್ದಿತ್ತು. ಫಲಿತಾಂಶ: ಪರ 316, ವಿರೋಧ 311. ಐದೇ ಮತದ ಅಂತರ. ಸ್ಕಾಟ್ಲೆಂಡಿನ ಲೇಬರ್ ಸಂಸದರಲ್ಲಿ ಹೆಚ್ಚಿನವರು ಸರ್ಕಾರದ ಪರ ನಿಂತಿದ್ದರು. ಅವರನ್ನು ಬಿಟ್ಟು ಎಣಿಸಿದ್ದರೆ ಮಸೂದೆ ಅಲ್ಲಿಗೇ ಬಿದ್ದುಹೋಗುತ್ತಿತ್ತು. ಆ ಶುಲ್ಕ ಅವರ ಮತದಾರರ ಮಕ್ಕಳಿಗೆ ಅವರದೇ ನಾಡಿನಲ್ಲಿ ಅನ್ವಯಿಸುತ್ತಿರಲಿಲ್ಲ. ಅದೇ ಹೊತ್ತಿನಲ್ಲಿ ಆರೋಗ್ಯ ಮಂತ್ರಿಯಾಗಿದ್ದ ಜಾನ್ ರೀಡ್ ಕೂಡ ಸ್ಕಾಟಿಷ್ ಕ್ಷೇತ್ರದಿಂದ ಬಂದವರು. ಅವರು ನಡೆಸುತ್ತಿದ್ದುದು ಇಂಗ್ಲೆಂಡಿನ ಆಸ್ಪತ್ರೆಗಳನ್ನು. ತಮ್ಮ ಕ್ಷೇತ್ರದ ಆಸ್ಪತ್ರೆಯ ಮೇಲೆ ಅವರಿಗೆ ಯಾವ ಅಧಿಕಾರವೂ ಇರಲಿಲ್ಲ. ನಿಮ್ಮ ಗೆಳೆಯರ ಸಿಟ್ಟಿನ ಬೇರು ಇಲ್ಲಿದೆ. ಅದನ್ನು ಸ್ಕಾಟ್ಲೆಂಡಿನ ಮೇಲಿನ ಹೊಟ್ಟೆಕಿಚ್ಚು ಎಂದು ತಳ್ಳಿಹಾಕುವವರ ಜೊತೆ ನಾನಿಲ್ಲ.

ಇದಕ್ಕೆ ತೇಪೆ ಹಾಕುವ ಯತ್ನವೂ ನಡೆಯಿತು. 2014ರ ಸೆಪ್ಟೆಂಬರಿನಲ್ಲಿ ಸ್ಕಾಟ್ಲೆಂಡ್ ಪ್ರತ್ಯೇಕ ದೇಶವಾಗುವುದು ಬೇಡವೆಂದು ಶೇ. 55ರಷ್ಟು ಮತ ಹಾಕಿತು. ಮಾರನೆಯ ಬೆಳಗ್ಗೆಯೇ ಪ್ರಧಾನಿ ಡೇವಿಡ್ ಕ್ಯಾಮರಾನ್ ತಮ್ಮ ಮನೆಬಾಗಿಲಲ್ಲಿ ನಿಂತು, ಇನ್ನು ಇಂಗ್ಲೆಂಡಿನ ದನಿಯನ್ನೂ ಕೇಳಿಸಿಕೊಳ್ಳಬೇಕು ಎಂದರು. ಗೆದ್ದ ಸಂಭ್ರಮದಲ್ಲಿದ್ದ ಸ್ಕಾಟಿಷ್ ಒಕ್ಕೂಟವಾದಿಗಳ ಬಾಯಲ್ಲಿ ಕಹಿ ಉಳಿಸಿದ ಮಾತು ಅದು. 2015ರ ಅಕ್ಟೋಬರಿನಲ್ಲಿ ಸದನದ ನಿಯಮ ತಿದ್ದಿದರು. ಒಂದು ಮಸೂದೆ ಇಂಗ್ಲೆಂಡಿಗಷ್ಟೇ ಸಂಬಂಧಿಸಿದ್ದು ಎಂದು ಸ್ಪೀಕರ್ ಪ್ರಮಾಣೀಕರಿಸಿದರೆ, ಅದು ಪಾಸಾಗಲು ಇಡೀ ಸದನದ ಬಹುಮತದ ಜೊತೆಗೆ ಇಂಗ್ಲೆಂಡಿನ ಸಂಸದರ ಒಪ್ಪಿಗೆಯೂ ಬೇಕು. ಅದಕ್ಕೆಂದು ನಡುವೆ ಸದನವೇ ಇಂಗ್ಲಿಷ್ ಸಮಿತಿಯಾಗಿ ರೂಪ ಬದಲಿಸಿ ಕುಳಿತುಕೊಳ್ಳುತ್ತಿತ್ತು. ಬಹಳ ಸಲ ಆ ಕಲಾಪ ಕೆಲವೇ ನಿಮಿಷಗಳಲ್ಲಿ ಮುಗಿಯುತ್ತಿತ್ತು. ಜಾರಿಯಲ್ಲಿದ್ದಷ್ಟು ಕಾಲವೂ ಆ ನಿಯಮದಿಂದ ಒಂದೇ ಒಂದು ಮಸೂದೆಯ ಹಣೆಬರಹ ಬದಲಾಗಲಿಲ್ಲ. 2016ರ ಮಾರ್ಚಿನಲ್ಲಿ ಇಂಗ್ಲೆಂಡ್ ಮತ್ತು ವೇಲ್ಸಿನ ಅಂಗಡಿಗಳು ಭಾನುವಾರ ಹೆಚ್ಚು ಹೊತ್ತು ತೆರೆದಿರಲು ಬಿಡುವ ಸರ್ಕಾರದ ಪ್ರಸ್ತಾಪ ಬಂದಾಗ ಸ್ಕಾಟಿಷ್ ನ್ಯಾಷನಲ್ ಪಕ್ಷದ ಐವತ್ತಕ್ಕೂ ಹೆಚ್ಚು ಸಂಸದರು ವಿರುದ್ಧ ಮತ ಹಾಕಿದರು. ಸರ್ಕಾರ 286ಕ್ಕೆ 317ರಿಂದ ಸೋತಿತು. ಹೊಸ ನಿಯಮ ಬೇಡದ್ದನ್ನು ತಡೆಯಲು ಇಂಗ್ಲಿಷರಿಗೆ ಅಧಿಕಾರ ಕೊಟ್ಟಿತ್ತು, ಬೇಕಾದದ್ದನ್ನು ಪಡೆಯಲು ಕೊಟ್ಟಿರಲಿಲ್ಲ. ಕೊರೊನಾ ಬಂದಾಗ ಅದನ್ನು ಅಮಾನತಿನಲ್ಲಿಟ್ಟರು. 2021ರ ಜುಲೈನಲ್ಲಿ ಕೈಬಿಟ್ಟರು. ಯಾರೂ ಬೀದಿಗಿಳಿಯಲಿಲ್ಲ.

ಹಾಗಾದರೆ ಅರೆಬರೆ ನಿಯಮಗಳ ಗೋಜೇ ಬೇಡ, ಪೂರ್ಣ ಪ್ರಮಾಣದ ಸಂಸತ್ತನ್ನೇ ಕೊಟ್ಟುಬಿಟ್ಟರಾಯಿತಲ್ಲ? 1998ರಿಂದ ಇದಕ್ಕಾಗಿ ಒಂದು ಚಳವಳಿ ಸಂಘಟನೆಯೂ ಇದೆ.

ತೊಡಕು ಗಾತ್ರದ್ದು. 2021ರ ಜನಗಣತಿಯಂತೆ ಇಂಗ್ಲೆಂಡಿನ ಜನಸಂಖ್ಯೆ ಐದೂವರೆ ಕೋಟಿಗೂ ಮೇಲೆ. ಸ್ಕಾಟ್ಲೆಂಡಿನದು ಅರ್ಧ ಕೋಟಿಗಿಂತ ತುಸು ಹೆಚ್ಚು, ವೇಲ್ಸಿನದು ಸುಮಾರು 31 ಲಕ್ಷ, ಉತ್ತರ ಐರ್ಲೆಂಡಿನದು 19 ಲಕ್ಷ. ಅಂದರೆ ನೂರಕ್ಕೆ 84 ಮಂದಿ ಇಂಗ್ಲೆಂಡಿನಲ್ಲಿದ್ದಾರೆ. 650 ಸದಸ್ಯರ ಕಾಮನ್ಸ್ ಸಭೆಯಲ್ಲಿ ಇಂಗ್ಲೆಂಡಿನ ಸ್ಥಾನ ಈಗ 543. ನಮ್ಮ ಇಡೀ ಲೋಕಸಭೆಯ ಬಲವೂ ಅಷ್ಟೇ ಎಂಬುದು ಕಾಕತಾಳೀಯ, ಆದರೆ ಹೋಲಿಸಿ ನೋಡಲು ಅನುಕೂಲ. ಅದರಲ್ಲಿ ಉತ್ತರ ಪ್ರದೇಶದ ಪಾಲು 80. ಇಷ್ಟಕ್ಕೇ ನಮ್ಮಲ್ಲಿ ಉತ್ತರದ ಯಜಮಾನಿಕೆಯ ಮಾತು ದಿನಬೆಳಗಾದರೆ ಬರುತ್ತದೆ. 1955ರಲ್ಲಿ ರಾಜ್ಯ ಪುನರ್ವಿಂಗಡಣಾ ಆಯೋಗದ ಸದಸ್ಯರಾಗಿದ್ದ ಕೆ. ಎಂ. ಪಣಿಕ್ಕರ್, ಒಂದು ರಾಜ್ಯ ಇಷ್ಟು ದೊಡ್ಡದಿದ್ದರೆ ಒಕ್ಕೂಟದ ಸಮತೋಲ ಕೆಡುತ್ತದೆ, ಉತ್ತರ ಪ್ರದೇಶವನ್ನು ಒಡೆಯಬೇಕು ಎಂದು ಭಿನ್ನಮತದ ಟಿಪ್ಪಣಿಯನ್ನೇ ಬರೆದರು. ಅಂಬೇಡ್ಕರ್ ಅದನ್ನು ಮೂರು ರಾಜ್ಯ ಮಾಡಿ ಎಂದರು. ಈಗ ಲೋಕಸಭೆಯಲ್ಲಿ ಒಂದೇ ರಾಜ್ಯಕ್ಕೆ 450ಕ್ಕೂ ಹೆಚ್ಚು ಸ್ಥಾನಗಳಿದ್ದು, ಆ ರಾಜ್ಯಕ್ಕೆ ದೆಹಲಿಯಲ್ಲೇ ವಿಧಾನಸಭೆ, ಮುಖ್ಯಮಂತ್ರಿ ಇದ್ದರೆ ಪ್ರಧಾನಿಯ ಗತಿ ಏನಾಗುತ್ತಿತ್ತು, ಯೋಚಿಸಿ.

ಇಂಗ್ಲಿಷ್ ಸಂಸತ್ತು ಬಂದ ಮರುದಿನದ ಚಿತ್ರ ಅದೇ. ಇಂಗ್ಲೆಂಡಿನ ಮುಖ್ಯಮಂತ್ರಿಯ ಕೈಯಲ್ಲಿ ಐದೂವರೆ ಕೋಟಿ ಜನರ ಆಸ್ಪತ್ರೆ, ಶಾಲೆ, ವಸತಿ, ಬಸ್ಸು ಎಲ್ಲವೂ ಇರುತ್ತವೆ. ಬ್ರಿಟನ್ನಿನ ಪ್ರಧಾನಿಗೆ ಉಳಿಯುವುದು ಸೇನೆ, ವಿದೇಶಾಂಗ, ಒಂದಷ್ಟು ತೆರಿಗೆ. ಇಬ್ಬರೂ ಒಂದೇ ಪಕ್ಷದವರಾದರೆ ಯಾರು ದೊಡ್ಡವರೆಂಬ ಜಗಳ. ಬೇರೆ ಬೇರೆ ಪಕ್ಷದವರಾದರೆ ಕೇಳುವುದೇ ಬೇಡ. ಇದು ಬರೀ ಊಹೆಯಲ್ಲ. 1964ರಲ್ಲಿ, ಮತ್ತೆ 1974ರ ಫೆಬ್ರವರಿಯಲ್ಲಿ, ಇಂಗ್ಲೆಂಡಿನಲ್ಲಿ ಕನ್ಸರ್ವೇಟಿವ್ ಪಕ್ಷ ಹೆಚ್ಚು ಸ್ಥಾನ ಗಳಿಸಿದ್ದರೂ ಅಧಿಕಾರಕ್ಕೆ ಬಂದದ್ದು ಲೇಬರ್. 2010ರಲ್ಲಿ ಕ್ಯಾಮರಾನ್ ಅವರಿಗೆ ಇಂಗ್ಲೆಂಡಿನಲ್ಲಿ ಸ್ಪಷ್ಟ ಬಹುಮತ ಬಂದಿತ್ತು, ಇಡೀ ದೇಶದಲ್ಲಿ ಬಂದಿರಲಿಲ್ಲ.

ಇಂಥ ಜೋಡಿ ಅಧಿಕಾರದ ಕೊನೆ ಹೇಗಿರುತ್ತದೆ ಎಂಬುದಕ್ಕೆ ಮಾಸ್ಕೋ ಸಾಕ್ಷಿ. ಸೋವಿಯತ್ ಒಕ್ಕೂಟದ ಅರ್ಧದಷ್ಟು ಜನ ರಷ್ಯಾ ಗಣರಾಜ್ಯದಲ್ಲಿದ್ದರು. 1990ರಲ್ಲಿ ಆ ಗಣರಾಜ್ಯದ ಶಾಸನಸಭೆಗೆ ಚುನಾವಣೆ ನಡೆದು ಬೋರಿಸ್ ಯೆಲ್ಟ್‌ಸಿನ್ ಅದರ ಮುಖ್ಯಸ್ಥರಾದರು. ಜೂನ್ 12ರಂದು ಆ ಸಭೆ ರಷ್ಯಾದ ಸಾರ್ವಭೌಮತ್ವವನ್ನು ಘೋಷಿಸಿತು. ಅಲ್ಲಿಂದ ಒಂದೇ ಊರಿನಲ್ಲಿ ಎರಡು ಸರ್ಕಾರಗಳು, ಕ್ರೆಮ್ಲಿನ್‌ನಲ್ಲಿ ಗೋರ್ಬಚೇವ್, ಅಲ್ಲೇ ಹತ್ತಿರದಲ್ಲಿ ಯೆಲ್ಟ್‌ಸಿನ್. ಯಾರ ಕಾನೂನು ನಡೆಯಬೇಕು, ತೆರಿಗೆ ಯಾರ ಬೊಕ್ಕಸಕ್ಕೆ ಹೋಗಬೇಕು ಎಂಬ ಎಳೆದಾಟ. ಒಂದೂವರೆ ವರ್ಷದಲ್ಲಿ ಒಕ್ಕೂಟವೇ ಇರಲಿಲ್ಲ. ಸೋವಿಯತ್ ಒಕ್ಕೂಟ ಮುರಿಯಲು ಬೇರೆ ನೂರು ಕಾರಣಗಳಿದ್ದವು, ಬ್ರಿಟನ್ ಅಂಥ ದೇಶವೂ ಅಲ್ಲ. ಆದರೂ ಅತಿ ದೊಡ್ಡ ಅಂಗವೇ ಒಕ್ಕೂಟಕ್ಕೆ ಎದುರಾಳಿಯಾಗಿ ನಿಂತರೆ ಸಣ್ಣ ಅಂಗಗಳು ಅದನ್ನು ಉಳಿಸಲಾರವು ಎಂಬುದಂತೂ ಅಲ್ಲಿ ಕಣ್ಣಿಗೆ ಕಂಡಿತು. ಅಲ್ಲಿ ದೊಡ್ಡಣ್ಣನ ಪಾಲು ಅರ್ಧ, ಇಲ್ಲಿ ಐದರಲ್ಲಿ ನಾಲ್ಕಕ್ಕೂ ಹೆಚ್ಚು. 1969ರಲ್ಲಿ ನೇಮಕವಾಗಿ 1973ರಲ್ಲಿ ವರದಿ ಕೊಟ್ಟ, ಬ್ರಿಟನ್ನಿನ ಸಂವಿಧಾನವನ್ನು ಪರಿಶೀಲಿಸಿದ ಕಿಲ್‌ಬ್ರಾಂಡನ್ ಆಯೋಗವೂ ಇದನ್ನು ತೂಗಿ ನೋಡಿ, ಇಂಗ್ಲೆಂಡನ್ನು ಒಂದು ಘಟಕವಾಗಿಸಿದ ಒಕ್ಕೂಟ ನಡೆಯುವುದಿಲ್ಲ ಎಂದು ಷರಾ ಬರೆದಿತ್ತು.

ಹಣದ ವಿಚಾರವೂ ಇದೆ. 1978ರಿಂದ ಜಾರಿಯಲ್ಲಿರುವ, ಆಗಿನ ಹಣಕಾಸು ಇಲಾಖೆಯ ಮಂತ್ರಿ ಜೋಯಲ್ ಬಾರ್ನೆಟ್ ಹೆಸರಿನ ಸೂತ್ರದಂತೆ, ಇಂಗ್ಲೆಂಡಿನ ಆರೋಗ್ಯಕ್ಕೆ ಹೊಸದಾಗಿ ನೂರು ಪೌಂಡ್ ಕೊಟ್ಟರೆ ಜನಸಂಖ್ಯೆಯ ಲೆಕ್ಕದಲ್ಲಿ ಹತ್ತರ ಆಸುಪಾಸು ಸ್ಕಾಟ್ಲೆಂಡಿಗೂ ಹೋಗುತ್ತದೆ. ಇಂಗ್ಲೆಂಡಿನಲ್ಲಿ ಕಡಿತವಾದರೆ ಅಲ್ಲಿಯೂ ಕಡಿತ. ಹೀಗಾಗಿ ಹಣ ತಗಲುವ ಯಾವ ಮಸೂದೆಯನ್ನೂ 'ಬರೀ ಇಂಗ್ಲೆಂಡಿನದು' ಎಂದು ಬೇರ್ಪಡಿಸುವುದು ಕಷ್ಟ. ತಮಗೆ ಸಂಬಂಧವಿಲ್ಲದ ಕಡೆ ಸ್ಕಾಟಿಷ್ ಸಂಸದರು ಮೂಗು ತೂರಿಸುತ್ತಾರೆ ಎನ್ನುವವರು ಈ ಸೂತ್ರವನ್ನು ಮರೆಯುತ್ತಾರೆ. ಆ ಸೂತ್ರದಿಂದ ಸ್ಕಾಟ್ಲೆಂಡಿಗೆ ತಲೆಗೆ ಹೆಚ್ಚು ಹಣ ದಕ್ಕುತ್ತಿದೆ ಎಂಬ ತಕರಾರು ಬೇರೆಯದು, ಅದರಲ್ಲಿ ತಥ್ಯವೂ ಇದೆ. ಆದರೆ ಸೂತ್ರ ಬದಲಿಸಲು ಹೊಸ ಸಂಸತ್ತು ಬೇಕಿಲ್ಲ, ಒಬ್ಬ ಧೈರ್ಯವಂತ ಹಣಕಾಸು ಮಂತ್ರಿ ಸಾಕು.

ಪ್ರತ್ಯೇಕ ಸಂಸತ್ತು ಬೇಕೆನ್ನುವವರ ಬಲವಾದ ವಾದವನ್ನು ನಾನು ಬದಿಗೆ ಸರಿಸಲಾರೆ. ಅವರು ಹೇಳುವುದು ಇಷ್ಟೇ: ಒಕ್ಕೂಟ ಉಳಿಸುವ ಹೊಣೆ ಇಂಗ್ಲಿಷರ ತಲೆಯ ಮೇಲೆ ಮಾತ್ರ ಏಕೆ? ಸ್ಕಾಟ್ಲೆಂಡ್ ಒಂದು ರಾಷ್ಟ್ರ, ಅದಕ್ಕೆ ಸಂಸತ್ತು ಎಂದು ಒಪ್ಪಿದಿರಿ. ಇಂಗ್ಲೆಂಡ್ ಕೂಡ ಒಂದು ರಾಷ್ಟ್ರವಲ್ಲವೇ, ಅದನ್ನು ಮಾತ್ರ ಹೋಳು ಮಾಡುವ ಮಾತು ಏಕೆ? ತತ್ತ್ವದ ಮಟ್ಟದಲ್ಲಿ ಇದಕ್ಕೆ ನನ್ನಲ್ಲಿ ಉತ್ತರವಿಲ್ಲ. ಇಂಗ್ಲಿಷರಲ್ಲಿ ಬಹುಸಂಖ್ಯಾತರು ನಿಜವಾಗಿ ಕೇಳಿದರೆ ಅದನ್ನು ನಿರಾಕರಿಸುವ ಹಕ್ಕು ಯಾರಿಗೂ ಇಲ್ಲ. ಈಗಿನ ಬ್ರಿಟನ್ ಹೀಗೆಯೇ ಉಳಿಯುತ್ತದೆ ಎಂಬ ಭರವಸೆಯನ್ನು ಮಾತ್ರ ಅವರು ಕೊಡಬಾರದು, ಅಷ್ಟೇ. ಆದರೆ ಅವರು ಕೇಳುತ್ತಿದ್ದಾರೆಯೇ? ಸಮೀಕ್ಷೆಗಳಲ್ಲಿ ಆಯ್ಕೆಗಳನ್ನು ಮುಂದಿಟ್ಟು ಕೇಳಿದಾಗ ಸ್ವಂತ ಸಂಸತ್ತನ್ನು ಆರಿಸಿಕೊಳ್ಳುವವರು ಬಹುಕಾಲದಿಂದ ಅಲ್ಪಸಂಖ್ಯಾತರಾಗಿಯೇ ಉಳಿದಿದ್ದಾರೆ. ಫುಟ್‌ಬಾಲ್ ಪಂದ್ಯದ ದಿನ ಇಂಗ್ಲೆಂಡಿನ ಸೇಂಟ್ ಜಾರ್ಜ್ ಬಾವುಟ ಮನೆಮನೆಯ ಕಿಟಕಿಯಲ್ಲಿ ಹಾರುತ್ತದೆ. ಚುನಾವಣೆಯ ದಿನ ಅದನ್ನು ಹಿಡಿದು ಮತ ಕೇಳಿ ಗೆದ್ದವರು ವಿರಳ.

ಹೋಳು ಮಾಡುವ ಯೋಚನೆ ಹೊಸದೇನೂ ಅಲ್ಲ. 1912ರಲ್ಲಿ ಡಂಡೀ ಊರಿನಲ್ಲಿ ಮಾತಾಡುತ್ತ ವಿನ್‌ಸ್ಟನ್ ಚರ್ಚಿಲ್, ಲ್ಯಾಂಕಾಶೈರ್, ಯಾರ್ಕ್‌ಶೈರ್, ಲಂಡನ್ ಹೀಗೆ ಇಂಗ್ಲೆಂಡಿಗೆ ಹಲವು ಶಾಸನಸಭೆಗಳು ಬೇಕೆಂದಿದ್ದರು. ಇಡೀ ಇಂಗ್ಲೆಂಡಿಗೆ ಒಂದೇ ಸಭೆಯಾದರೆ ಅದು ಸಾಮ್ರಾಜ್ಯದ ಸಂಸತ್ತಿನ ಜೊತೆ ಸೆಣಸಾಡುತ್ತದೆ ಎಂಬ ಭಯ ಅವರಿಗೂ ಇತ್ತು. ಅದು ಭಾಷಣವಾಗಿಯೇ ಉಳಿಯಿತು. ನಿಜವಾದ ಪರೀಕ್ಷೆ ನಡೆದದ್ದು ನಿಮ್ಮ ಊರಿನಲ್ಲೇ. 2004ರ ನವೆಂಬರ್ 4ರಂದು ಈಶಾನ್ಯ ಇಂಗ್ಲೆಂಡಿನ ಜನರನ್ನು, ನಿಮಗೊಂದು ಪ್ರಾದೇಶಿಕ ಸಭೆ ಬೇಕೇ ಎಂದು ಕೇಳಲಾಯಿತು. ಉಪಪ್ರಧಾನಿ ಜಾನ್ ಪ್ರೆಸ್ಕಾಟ್ ಅವರ ಕನಸು ಅದು. ಲಂಡನ್ ಮೇಲೆ ಅತಿ ಹೆಚ್ಚು ಸಿಟ್ಟಿರುವ, ತನ್ನತನದ ಅಭಿಮಾನವಿರುವ ಪ್ರದೇಶವೆಂದೇ ಅಲ್ಲಿಂದ ಆರಂಭಿಸಿದ್ದರು. ವಿರೋಧಿಗಳು ಗಾಳಿ ತುಂಬಿದ ಒಂದು ದೊಡ್ಡ ಬಿಳಿ ಆನೆಯನ್ನು ಊರೂರಿಗೆ ಒಯ್ದು ನಿಲ್ಲಿಸಿದರು: ಸಭೆ ಎಂದರೆ ಸಂಬಳ ತಿನ್ನುವ ಇನ್ನಷ್ಟು ರಾಜಕಾರಣಿಗಳು, ಇನ್ನಷ್ಟು ತೆರಿಗೆ. ಆ ಪ್ರಚಾರದ ಹಿಂದಿದ್ದವರಲ್ಲಿ ಮುಂದೆ ಬ್ರೆಕ್ಸಿಟ್‌ನಿಂದ ಹೆಸರಾದ ಡೊಮಿನಿಕ್ ಕಮಿಂಗ್ಸ್ ಒಬ್ಬರು. 'ಬೇಡ' ಎಂದವರು ಶೇ. 78ರ ಹತ್ತಿರ. ಬೇರೆ ಪ್ರದೇಶಗಳಲ್ಲಿ ಕೇಳುವ ಧೈರ್ಯವನ್ನೇ ಸರ್ಕಾರ ಮಾಡಲಿಲ್ಲ.

ಅದನ್ನು ಇಂಗ್ಲಿಷರಿಗೆ ವಿಕೇಂದ್ರೀಕರಣವೇ ಬೇಡ ಎಂದು ಓದಿದವರು ಬಹಳ. ನನಗೆ ಹಾಗನ್ನಿಸುವುದಿಲ್ಲ. ಅಂದು ಕೊಡಲು ಹೊರಟಿದ್ದ ಸಭೆಗೆ ಆಸ್ಪತ್ರೆಯ ಮೇಲಾಗಲಿ ಶಾಲೆಯ ಮೇಲಾಗಲಿ ಅಧಿಕಾರವಿರಲಿಲ್ಲ. ಕಾನೂನು ಮಾಡುವ ಹಕ್ಕೂ ಇರಲಿಲ್ಲ. ಕೈಯಲ್ಲಿ ಏನೂ ಇಲ್ಲದ ಸಭೆಗೆ ಜನ ಏಕೆ ಮತ ಹಾಕಬೇಕು?

ನನ್ನ ವಾದದ ತಿರುಳು ಇಲ್ಲಿದೆ. ಇಂಗ್ಲೆಂಡಿನ ಕೊರಗಿನಲ್ಲಿ ಎರಡು ಬೇರೆ ಬೇರೆ ದೂರುಗಳು ಬೆರೆತಿವೆ. ನಮ್ಮ ಕಾನೂನಿಗೆ ಹೊರಗಿನವರು ಮತ ಹಾಕುತ್ತಾರೆ ಎಂಬುದು ಒಂದು. ನಮ್ಮ ಊರಿನ ವಿಷಯವನ್ನು ಲಂಡನ್ನಿನಲ್ಲಿ ಕುಳಿತವರು ತೀರ್ಮಾನಿಸುತ್ತಾರೆ ಎಂಬುದು ಇನ್ನೊಂದು. ಮೊದಲನೆಯದು ಕೆಲವು ವರ್ಷಗಳಿಗೊಮ್ಮೆ, ಮತಗಳ ಅಂತರ ಸಣ್ಣದಿದ್ದಾಗ ಮಾತ್ರ ಚುಚ್ಚುತ್ತದೆ. ಎರಡನೆಯದು ದಿನನಿತ್ಯದ್ದು. 2020ರ ಅಕ್ಟೋಬರ್ 20ರಂದು ಗ್ರೇಟರ್ ಮ್ಯಾಂಚೆಸ್ಟರಿನ ಮೇಯರ್ ಆಂಡಿ ಬರ್ನಮ್ ನಗರದ ಸಭಾಂಗಣವೊಂದರ ಹೊರಗೆ ನಿಂತು ಪತ್ರಕರ್ತರೊಡನೆ ಮಾತಾಡುತ್ತಿದ್ದರು. ಕೊರೊನಾ ನಿರ್ಬಂಧದಿಂದ ಕೆಲಸ ಕಳೆದುಕೊಳ್ಳುವವರ ನೆರವಿಗೆ ಅವರು 6.5 ಕೋಟಿ ಪೌಂಡ್ ಕೇಳಿದ್ದರು. ಸರ್ಕಾರ 6 ಕೋಟಿಯವರೆಗೆ ಬಂದು ಮಾತುಕತೆ ಮುರಿದಿತ್ತು. ಮಾತಿನ ನಡುವೆಯೇ ಪಕ್ಕದವರೊಬ್ಬರು ಮೊಬೈಲ್ ಮುಂದೆ ಹಿಡಿದರು. ಮ್ಯಾಂಚೆಸ್ಟರಿಗೆ ಸಿಗುವುದು 2.2 ಕೋಟಿ ಪೌಂಡ್, ನಿರ್ಬಂಧ ಹೇಗೂ ಜಾರಿ ಎಂಬ ಸುದ್ದಿ ಅದರಲ್ಲಿತ್ತು. ಸುಮಾರು 28 ಲಕ್ಷ ಜನರಿರುವ ಪ್ರದೇಶದ ಚುನಾಯಿತ ಮೇಯರ್ ತನ್ನ ಊರಿನ ಹಣೆಬರಹವನ್ನು ಬೀದಿಯಲ್ಲಿ ನಿಂತು ಫೋನಿನಲ್ಲಿ ಓದಿಕೊಂಡರು. ಅದೇ ಹೊತ್ತಿನಲ್ಲಿ ಸ್ಕಾಟ್ಲೆಂಡ್ ಮತ್ತು ವೇಲ್ಸಿನ ಸರ್ಕಾರಗಳು ತಮ್ಮ ನಿರ್ಬಂಧಗಳನ್ನು ತಾವೇ ನಿರ್ಧರಿಸುತ್ತಿದ್ದವು. ಲಂಡನ್ನಿನಲ್ಲಿ ಇಂಗ್ಲಿಷ್ ಸಂಸತ್ತು ಇದ್ದಿದ್ದರೆ ಬರ್ನಮ್ ಅವರ ಮೊಬೈಲಿನಲ್ಲಿ ಬೇರೆ ಅಂಕಿ ಕಾಣುತ್ತಿತ್ತೇ? ಐದೂವರೆ ಕೋಟಿ ಜನರನ್ನು ಒಂದೇ ಊರಿನಿಂದ ಆಳುವ ಹೊಸ ಸರ್ಕಾರ, ಹಳೆಯದಕ್ಕಿಂತ ನ್ಯೂಕ್ಯಾಸಲ್‌ಗೆ ಒಂದು ಮೈಲಿಯೂ ಹತ್ತಿರ ಬರುವುದಿಲ್ಲ.

ಆದ್ದರಿಂದ ನಾನು ಒಲಿಯುವುದು ಮೇಯರ್‌ಗಳ ದಾರಿಗೆ. ಅದು ಅಂದಗೇಡಿ ದಾರಿ, ಒಂದೊಂದು ಊರಿಗೆ ಒಂದೊಂದು ಒಪ್ಪಂದ, ನಕ್ಷೆ ನೋಡಿದರೆ ಕೌದಿಯಂತೆ ಕಾಣುತ್ತದೆ. ಆದರೂ ಮ್ಯಾಂಚೆಸ್ಟರಿನಲ್ಲಿ ಖಾಸಗಿ ಕಂಪನಿಗಳ ಕೈಯಲ್ಲಿದ್ದ ಬಸ್ಸುಗಳ ಮಾರ್ಗ, ದರ, ವೇಳೆಯನ್ನು 2023ರಿಂದ ಹಂತ ಹಂತವಾಗಿ ಮೇಯರ್ ಹಿಡಿತಕ್ಕೆ ತಂದುಕೊಂಡರು. ಈಗ ಅಲ್ಲಿ ಓಡುವುದು ಒಂದೇ ಹಳದಿ ಬಣ್ಣದ ಬಸ್ಸುಗಳು. ನಿಮ್ಮ ಈಶಾನ್ಯ ಭಾಗಕ್ಕೂ 2024ರ ಮೇ ತಿಂಗಳಲ್ಲಿ ಕಿಮ್ ಮೆಕ್‌ಗಿನೆಸ್ ಮೊದಲ ಮೇಯರ್ ಆಗಿ ಬಂದಿದ್ದಾರೆ. ಸಾರಿಗೆ, ವಸತಿ, ವಯಸ್ಕರ ಕೌಶಲ ತರಬೇತಿ ಅವರ ವ್ಯಾಪ್ತಿಯಲ್ಲಿವೆ. ಕೊರತೆಯಿರುವುದು ತೆರಿಗೆಯಲ್ಲಿ: ಮೇಯರ್‌ಗಳು ಈಗಲೂ ಬಹುಮಟ್ಟಿಗೆ ಲಂಡನ್ ಕೊಟ್ಟದ್ದನ್ನು ಖರ್ಚು ಮಾಡುವವರು. ಅಲ್ಲಿ ಸಂಗ್ರಹವಾಗುವ ಆದಾಯ ತೆರಿಗೆಯ ಒಂದು ಪಾಲು ಅಲ್ಲೇ ಉಳಿಯುವಂತಾದರೆ 2.2 ಕೋಟಿಗಾಗಿ ಯಾರೂ ಬೀದಿಯಲ್ಲಿ ಕಾಯಬೇಕಾಗಿಲ್ಲ. ವೆಸ್ಟ್ ಲೋಥಿಯನ್ ಪ್ರಶ್ನೆ ಇದರಿಂದ ಬಗೆಹರಿಯುವುದಿಲ್ಲ, ಒಪ್ಪುತ್ತೇನೆ. 1921ರಿಂದ 1972ರವರೆಗೆ ಉತ್ತರ ಐರ್ಲೆಂಡಿಗೆ ಸ್ವಂತ ಸಂಸತ್ತು ಇದ್ದಾಗಲೂ ಅಲ್ಲಿನ ಸಂಸದರು ಇಂಗ್ಲೆಂಡಿನ ವಿಷಯಗಳಿಗೆ ಮತ ಹಾಕುತ್ತಿದ್ದರು. ಆಗ ಅವರ ಸಂಖ್ಯೆಯನ್ನು ತಗ್ಗಿಸಿ ಇಟ್ಟಿದ್ದರು. 2005ರಲ್ಲಿ ಸ್ಕಾಟ್ಲೆಂಡಿನ ಸ್ಥಾನಗಳನ್ನೂ 72ರಿಂದ 59ಕ್ಕೆ ಇಳಿಸಿದರು, ಈಗ 57. ಅಷ್ಟು ಓರೆಕೋರೆಯೊಡನೆ ಬಾಳಬಹುದು ಎಂಬುದು ನನ್ನ ಎಣಿಕೆ.

ಕೊನೆಗೆ ಮಗಳ ಶುಲ್ಕ. 2004ರ ಏರಿಕೆಗೆ ಸ್ಕಾಟಿಷ್ ಸಂಸದರು ಕೈಜೋಡಿಸಿದ್ದು ನಿಜ. ಆದರೆ ಶುಲ್ಕ 9,000ಕ್ಕೆ ಹಾರಿದ್ದು 2010ರ ಡಿಸೆಂಬರ್ 9ರ ಮತದಾನದಲ್ಲಿ, 302ಕ್ಕೆ 323ರಿಂದ. ಆಗಿನ ಸಮ್ಮಿಶ್ರ ಸರ್ಕಾರಕ್ಕೆ ಇಂಗ್ಲೆಂಡಿನ ಸಂಸದರಲ್ಲೇ ಭಾರಿ ಬಹುಮತವಿತ್ತು. ಅಂದು ಇಂಗ್ಲಿಷ್ ಸಂಸತ್ತು ಇದ್ದಿದ್ದರೂ ಆ ಏರಿಕೆ ಪಾಸಾಗುತ್ತಿತ್ತು, ಬಹುಶಃ ಇನ್ನೂ ಸುಲಭವಾಗಿ. ಸ್ಕಾಟ್ಲೆಂಡಿನಲ್ಲಿ ಶುಲ್ಕವಿಲ್ಲದಿರುವುದಕ್ಕೂ ಬೆಲೆಯಿದೆ: ಖರ್ಚನ್ನು ಸರ್ಕಾರವೇ ಹೊರುವುದರಿಂದ ಅಲ್ಲಿನ ವಿದ್ಯಾರ್ಥಿಗಳಿಗೆ ಸಿಗುವ ಸೀಟುಗಳಿಗೆ ಮಿತಿ ಹಾಕಿದ್ದಾರೆ. ಹಾಗಾಗಿ ಮುಂದಿನ ಚುನಾವಣೆಯಲ್ಲಿ ಮತ ಕೇಳಲು ನಿಮ್ಮ ಬಾಗಿಲಿಗೆ ಬರುವವರನ್ನು ಶುಲ್ಕದ ಬಗ್ಗೆ ನೇರವಾಗಿಯೇ ಕೇಳಿ. ಮೇಯರ್ ಚುನಾವಣೆಗೆ ಬರುವವರನ್ನು ಬಸ್ಸು, ಮನೆಗಳ ಬಗ್ಗೆ ಕೇಳಿ. ಶುಲ್ಕ ಅವರ ಕೈಯಲ್ಲಿಲ್ಲ.